ಪ್ರಸಾದವು ಕಸವಾಗದಿರಲಿ

ಅಷ್ಟಾವರಣಗಳಲ್ಲಿ ಪ್ರಸಾದಕ್ಕೆ ಸ್ಥಾನವಿತ್ತ ಧರ್ಮ ನಮ್ಮದು. ಗುರು, ಲಿಂಗ, ಜಂಗಮರೊಡನೆ ಎಣಿಕೆಗೆ ಬರುವ ಆ ಪ್ರಸಾದವನ್ನು ಎಲೆಯಲ್ಲಿ ಬಿಟ್ಟೇಳುವುದು ತಪ್ಪೆಂದೇ ನಮ್ಮ ಹಿರಿಯರು ತಿಳಿದಿದ್ದರು. ಇಂದಾದರೋ ಜಾತ್ರೆ, ಮದುವೆಗಳ ಪಂಕ್ತಿ ಮುಗಿದ ಮೇಲೆ ಗೋಧಿಹುಗ್ಗಿ, ಅನ್ನ, ಪಲ್ಯಗಳು ಪ್ಲಾಸ್ಟಿಕ್ ಲೋಟಗಳೊಡನೆ ಕಲೆತು ಕೊಳೆಯುವ ನೋಟ ಯಾವ ಊರಿಗೂ ಹೊಸದಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್ನು. ಅದರಲ್ಲಿ ಶೇಕಡಾ 60ರಷ್ಟು ಮನೆಗಳಲ್ಲಿಯೇ ವ್ಯರ್ಥವಾದದ್ದು.

ಇಂಥ ಆಹಾರದಿಂದ ಜೈವಿಕ ಪ್ಲಾಸ್ಟಿಕ್ಕನ್ನು ಮಾಡಬಹುದೆಂಬ ಸುದ್ದಿ ಹಲವರಿಗೆ ಹರ್ಷವನ್ನುಂಟುಮಾಡಿದೆ. ಸುದ್ದಿ ಸುಳ್ಳಲ್ಲ. ನಮ್ಮ ದೇಹವು ಕೊಬ್ಬನ್ನು ಕೂಡಿಡುವಂತೆ, ಕೆಲವು ಬ್ಯಾಕ್ಟೀರಿಯಗಳು ಹೆಚ್ಚಾದ ಆಹಾರವನ್ನು ಪ್ಲಾಸ್ಟಿಕ್ಕಿನ ಗುಣವುಳ್ಳ ಕಣಗಳನ್ನಾಗಿ ತಮ್ಮ ಒಡಲಲ್ಲಿ ಕೂಡಿಡುತ್ತವೆ. ಫ್ರಾನ್ಸಿನ ವಿಜ್ಞಾನಿ ಮಾರಿಸ್ ಲೆಮ್ವಾನ್ ಅವರು 1926ರಲ್ಲಿಯೇ ಈ ವಸ್ತುವನ್ನು ಗುರುತಿಸಿದರು. 1950ರಲ್ಲಿ ಸ್ಥಾಪನೆಗೊಂಡ ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗೋಧಿ ಮತ್ತು ಅಕ್ಕಿಯ ತೌಡನ್ನು ಬಳಸಿ ಬ್ಯಾಕ್ಟೀರಿಯಗಳಿಂದ ಇಂಥ ವಸ್ತುವನ್ನು ಪಡೆದ ಬಗೆಯನ್ನು 2012ರಲ್ಲಿ ಪ್ರಕಟಿಸಿದರು.

ಆದರೆ ತೌಡು ಬೇರೆ, ಎಂಜಲು ಬೇರೆ ಎಂಬುದನ್ನು ಮರೆಯಲಾಗದು. ತೌಡಿನ ಗುಣ ಇಂದಿಗೂ ನಾಳೆಗೂ ಹೆಚ್ಚುಕಡಿಮೆ ಒಂದೇ. ಎಂಜಲಿನಲ್ಲಿಯೋ ಎಣ್ಣೆ, ಉಪ್ಪು, ಖಾರಗಳು ದಿನಕ್ಕೊಂದು ಪ್ರಮಾಣದಲ್ಲಿ ಬೆರೆತಿರುತ್ತವೆ. ಅದನ್ನು ಹದಗೊಳಿಸಿ, ಬ್ಯಾಕ್ಟೀರಿಯಗಳಿಗೆ ಉಣಿಸಿ, ಅವುಗಳ ಒಡಲಿನಿಂದ ಕಣಗಳನ್ನು ಬೇರ್ಪಡಿಸುವುದು ವೆಚ್ಚದ ಕೆಲಸ. ಇನ್ನೊಂದು ಬಗೆಯ ಜೈವಿಕ ಪ್ಲಾಸ್ಟಿಕ್ಕಾದ ಪಾಲಿಲ್ಯಾಕ್ಟಿಕ್ ಆಮ್ಲವನ್ನು ಹೆಚ್ಚಾಗಿ ಮೆಕ್ಕೆಜೋಳ, ಕಬ್ಬುಗಳಿಂದ ಮಾಡುತ್ತಾರೆ. ಅದು ಬೇಗ ಕರಗಬೇಕಾದರೆ ಸುಮಾರು 60 ಡಿಗ್ರಿ ಉಷ್ಣತೆಯ ಗೊಬ್ಬರದ ರಾಶಿ ಬೇಕು. ಹಳ್ಳಕ್ಕೆಸೆದರೆ ವರ್ಷಗಟ್ಟಲೆ ಉಳಿದೀತು. ಜೈವಿಕವೆಂಬ ಹೆಸರು ಬಿಸಾಡುವುದಕ್ಕೆ ಪರವಾನಗಿಯಲ್ಲ.

ಆದುದರಿಂದ ನನ್ನ ಅಭಿಪ್ರಾಯವಿಷ್ಟೆ: ಯಂತ್ರಕ್ಕಿಂತ ಮೊದಲು ಶಿಸ್ತು ಬರಬೇಕು. ಉಣ್ಣುವಷ್ಟೇ ನೀಡಿಸಿಕೊಳ್ಳುವುದು ಮೊದಲನೆಯದು. ಮುಟ್ಟದೆ ಉಳಿದದ್ದು ಹಸಿದವರಿಗೆ, ಕೆಡದ ಕಾಯಿಪಲ್ಯದ ಸಿಪ್ಪೆ ದನಗಳಿಗೆ, ಎಂಜಲು ಅನಿಲ ಸ್ಥಾವರಕ್ಕೆ, ಅದರ ಬಗ್ಗಡ ನಮ್ಮ ಎರೆಹೊಲಗಳಿಗೆ ಸಲ್ಲಬೇಕು. ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ 1987ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ ಸೆಗಣಿಯ ಅನಿಲದಿಂದಲೇ ವಿದ್ಯುತ್ತನ್ನು ಉತ್ಪಾದಿಸಿ ನೀರೆತ್ತಲಾಯಿತು. ಮನೆಮನೆಯವರು ಸೆಗಣಿಯನ್ನು ತಂದೊಪ್ಪಿಸದೆ ಆ ಯಂತ್ರ ತಿರುಗುತ್ತಿರಲಿಲ್ಲ. ಬೇರ್ಪಡಿಸುವ ಅಭ್ಯಾಸವಿಲ್ಲದ ಊರಿಗೆ ಯಾವ ಕಾರ್ಖಾನೆ ಬಂದರೂ ಕಚ್ಚಾ ಸಾಮಗ್ರಿ ದೊರೆಯದು.

ಹೀಗೆಂದು ವಿಜ್ಞಾನವನ್ನು ದೂರವಿಡಬೇಕೆಂದಲ್ಲ. ಆಲೂಗಡ್ಡೆಯ ಪಿಷ್ಟಕ್ಕೆ ನೀರು, ತುಸು ವಿನೆಗರ್, ಗ್ಲಿಸರಿನ್ ಬೆರೆಸಿ ಕಾಯಿಸಿ, ತಟ್ಟೆಯ ಮೇಲೆ ತೆಳುವಾಗಿ ಹರಡಿ ಒಣಗಿಸಿದರೆ ಬಾಗುವ ಹಾಳೆಯೊಂದು ದೊರೆಯುತ್ತದೆ. ಇದು ಪ್ರೌಢಶಾಲೆಯ ಪ್ರಯೋಗಾಲಯಕ್ಕೆ ನಿಲುಕುವ ಕೆಲಸ. ಆ ಹಾಳೆಯನ್ನೂ ಪಾಲಿಥೀನ್ ಚೀಲದ ತುಂಡನ್ನೂ ಶಾಲೆಯ ಅಂಗಳದಲ್ಲಿ ಹೂಳಿ, ತಿಂಗಳಿಗೊಮ್ಮೆ ಅಗೆದು ನೋಡಿದ ವಿದ್ಯಾರ್ಥಿಗೆ ಬೇರೆ ಉಪದೇಶ ಬೇಕಿಲ್ಲ. ಪಿಷ್ಟದ ಹಾಳೆ ನೀರಿನಲ್ಲಿ ಮೆತ್ತಗಾಗುವುದನ್ನು ಕಂಡು, ಅದನ್ನು ಬಲಪಡಿಸುವ ಬಗೆ ಹೇಗೆಂದು ಕೇಳುವ ಒಬ್ಬ ಹುಡುಗಿಯಾದರೂ ಗುಡಗೇರಿಯಿಂದ ಮೈಸೂರಿನ ಸಂಶೋಧನಾಲಯಕ್ಕೆ ಹೋದಾಳೆಂದು ಏಕೆ ಆಶಿಸಬಾರದು? ಶಿಕ್ಷಕ ಬಂಧುಗಳು ದಿನವೂ ಊಟದ ನಂತರ ಉಳಿದದ್ದನ್ನು ತೂಗಿಸಿ ಕರಿಹಲಗೆಯ ಮೇಲೆ ಬರೆಯಿಸಲಿ. ತೂಕ ಇಳಿಯುವುದೇ ನಮ್ಮ ಮೊದಲ ಸಂಶೋಧನೆ.

ಅನ್ನದಾಸೋಹಕ್ಕೆ ಉದಾರವಾಗಿ ನೀಡುವ ದಾನಿಗಳಲ್ಲಿಯೂ ಒಂದು ವಿನಂತಿ. ಅಡುಗೆಮನೆಯ ಗೋಡೆಗೆ ಹೆಸರಿನ ಕಲ್ಲು ಹಾಕಿಸುವಷ್ಟೇ ಉತ್ಸಾಹದಿಂದ ಗೊಬ್ಬರದ ಗುಂಡಿಗೂ ಅನಿಲ ಸ್ಥಾವರಕ್ಕೂ ಪ್ರಯೋಗಾಲಯಕ್ಕೂ ನೆರವಾಗಬೇಕು. ಭಾರತ ಸರ್ಕಾರವು 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ನಿಷೇಧಿಸಿದೆ. ಅವುಗಳ ಬದಲಿಗೆ ಮುತ್ತಲ ಎಲೆಯ ಪತ್ರಾವಳಿ ಇಂದಿಗೂ ನಮಗೆ ದೊರೆಯುತ್ತದೆ. ಉಣಬಡಿಸುವುದರಲ್ಲಿ ದಾಸೋಹವು ಮುಗಿಯುವುದಿಲ್ಲ. ಎಲೆ ಎತ್ತಿದ ಮೇಲೆ ಉಳಿದುದು ಮಣ್ಣನ್ನೋ ಒಲೆಯನ್ನೋ ಸೇರಿದಾಗಲೇ ಅದು ಪೂರ್ಣವಾಗುತ್ತದೆ.