ಗೋಡೆಗೂ ಬಾಯುಂಟು

ಗೋಡೆಗೂ ಕಿವಿಯುಂಟೆಂಬ ಗಾದೆಯನ್ನು ಕೇಳದವರಿಲ್ಲ. ಗೋಡೆಗೆ ಬಾಯಿಯೂ ಉಂಟೆಂಬುದು ನಮಗೆ ಮನವರಿಕೆಯಾದುದು ಗಡಹಿಂಗ್ಲಜದಲ್ಲಿ, ಸ್ನೇಹಿತರೊಬ್ಬರ ಹೊಸ ಮನೆಗೆ ಹೋದಾಗ. ಮಣ್ಣಿನ ಗೋಡೆ, ಸಾಗವಾನಿ ಜಂತಿಗಳ ಹಳೆಯ ಮನೆಯನ್ನು ಕೆಡವಿ ಅವರು ಸ್ಲ್ಯಾಬಿನ ಮನೆ ಕಟ್ಟಿಸಿದ್ದರು. ನಯವಾದ ಗಿಲಾವು, ಹೊಳೆಯುವ ಫರಸಿ, ಅಗಲವಾದ ಗಾಜಿನ ಕಿಟಕಿ. ಪಡಸಾಲೆಯ ಎರಡು ಮೂಲೆಗಳಲ್ಲಿ ಸ್ಟೀರಿಯೋದ ಎರಡು ಸ್ಪೀಕರು. ಅವರ ತಾಯಿಯವರು ದಿನವೂ ಬೆಳಗ್ಗೆ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಕೇಳುವವರು. “ದನಿ ಕೇಳಸತೈತಿ ತಮ್ಮಾ, ಮಾತು ತಿಳೀವಲ್ದು” ಎಂದು ನಮ್ಮೆದುರು ದುಃಖ ತೋಡಿಕೊಂಡರು.

ಇದು ಬರಿಯ ರಸಿಕರ ತಕರಾರೆಂದು ಓದುಗರು ತಿಳಿಯಬಾರದು. ಆ ಮನೆಯ ಮೊಮ್ಮಕ್ಕಳು ಮರಾಠಿ ಶಾಲೆಯಲ್ಲಿ ಓದುವವರು. ಕನ್ನಡ ಅಕ್ಷರಗಳ ಪರಿಚಯ ಅವರಿಗಿಲ್ಲ. ಕನ್ನಡ ಅವರತ್ತ ಬರುವುದು ಕಿವಿಯ ಹಾದಿಯಿಂದಲೇ. ಹಳೆಯ ಮನೆಯಲ್ಲಿ ಅಜ್ಜಿ ವಚನ ಕೇಳುತ್ತ ಮಕ್ಕಳನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಒಂದೊಂದು ಮಾತಿಗೂ ಅರ್ಥ ಹೇಳುತ್ತಿದ್ದರು. ಹೊಸ ಮನೆಗೆ ಬಂದ ಮೇಲೆ ಆ ಪಾಠ ನಿಂತುಹೋಗಿತ್ತು. ಮಗನಾದರೋ ಇನ್ನೂ ದೊಡ್ಡ ಸ್ಪೀಕರು ಕೊಳ್ಳುವ ಯೋಚನೆಯಲ್ಲಿದ್ದರು.

ನಾವು ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದೆವು. ಸದ್ದು ಗೋಡೆಯಿಂದ ಗೋಡೆಗೆ ಜಿಗಿದು ಝಣಝಣನೆ ಉಳಿಯಿತು. ವಿಜಯಪುರದ ಗೋಲಗುಂಬಜದಲ್ಲಿ ಕೂಗಿ, ಕೂಗು ಹಲವು ಸಲ ಮರಳಿ ಬಂದಾಗ ನಾವೆಲ್ಲ ನಕ್ಕವರೇ. ಆದರೆ ಅಲ್ಲಿ ಕುಳಿತು ಪುರಾಣ ಕೇಳಬಲ್ಲೆವೆ? ನಮ್ಮ ಹೊಸ ಪಡಸಾಲೆಗಳು ಚಿಕ್ಕ ಗುಂಬಜಗಳೇ ಆಗಿವೆ.

ಕಾರಣ ಸರಳವಾಗಿದೆ. ಶಬ್ದ ಸೆಕೆಂಡಿಗೆ ಸುಮಾರು ೩೪೫ ಮೀಟರ್ ಓಡುತ್ತದೆ. ಸ್ಪೀಕರಿನಿಂದ ನೇರವಾಗಿ ಬಂದ ದನಿಯ ಹಿಂದೆಯೇ ಗೋಡೆ, ನೆಲ, ಸ್ಲ್ಯಾಬುಗಳಿಗೆ ಬಡಿದ ದನಿ ನೂರಾರು ಸಲ ತಿರುಗಿ ಬರುತ್ತದೆ. ಮಾತಿನಲ್ಲಿ ಸ್ವರಗಳು ದೀರ್ಘ ಮತ್ತು ಬಲವಾದವು. ಕ, ತ, ಪ ಮೊದಲಾದ ವ್ಯಂಜನಗಳು ಕ್ಷಣಿಕ ಮತ್ತು ದುರ್ಬಲ. ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನವನ್ನು ಮುಚ್ಚಿಬಿಟ್ಟರೆ ರಾಗ ಉಳಿಯುತ್ತದೆ, ಮಾತು ಅಳಿಯುತ್ತದೆ. ವಯಸ್ಸಾದ ಕಿವಿಗೆ ಈ ತೊಡಕು ಇನ್ನೂ ಹೆಚ್ಚು. ದನಿ ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುವುದರಿಂದ ಫಲವಿಲ್ಲ.

ಇದಕ್ಕೆ ಲೆಕ್ಕ ಹಾಕಿಕೊಟ್ಟವನು ಅಮೇರಿಕದ ವಾಲೇಸ್ ಸಬೈನ್. ೧೮೯೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಮಂದಿರವೊಂದರಲ್ಲಿ ಮಾತು ತಿಳಿಯುತ್ತಿರಲಿಲ್ಲ. ಆತ ಬೇರೊಂದು ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಎಷ್ಟು ಮೆತ್ತೆಗೆ ಎಷ್ಟು ಅನುರಣನ ತಗ್ಗುವುದೆಂದು ಅಳೆದ. ಅವನ ಸೂತ್ರದಂತೆ ೪ ಮೀಟರ್ ಉದ್ದ, ೩ ಮೀಟರ್ ಅಗಲ, ೩ ಮೀಟರ್ ಎತ್ತರದ ಬರಿದಾದ ಗಿಲಾವಿನ ಕೋಣೆಯಲ್ಲಿ ದನಿ ಪೂರ್ಣ ಅಡಗಲು ಸುಮಾರು ೩ ಸೆಕೆಂಡು ಬೇಕು. ಅಲ್ಲಿ ೮ ಚದರ ಮೀಟರಿನಷ್ಟು ದಪ್ಪನೆಯ ಮೆತ್ತೆ ಹಾಕಿದರೆ ಅದು ಮುಕ್ಕಾಲು ಸೆಕೆಂಡಿಗಿಂತ ಕೆಳಗಿಳಿಯುತ್ತದೆ. ಮಂಚ, ಗಾದಿ, ನಾಲ್ಕು ಜನ ಕೂಡಿದರೆ ಅರ್ಧ ಸೆಕೆಂಡಿನ ಹತ್ತಿರ ಬರುತ್ತದೆ. ಮನೆಗೆ ಅಷ್ಟು ಸಾಕು.

ಮೊದಲ ಉಪಾಯಕ್ಕೆ ಕಾಸು ಬೇಡ. ಸ್ಪೀಕರುಗಳನ್ನು ಮೂಲೆಯಿಂದ ಬಿಡಿಸಿ, ಗೋಡೆಯಿಂದ ಎರಡು ಅಡಿ ಮುಂದಕ್ಕೆ, ಕೇಳುವವರ ಕಿವಿಯ ಎತ್ತರಕ್ಕೆ ಇಡಬೇಕು. ಮೂಲೆಯಲ್ಲಿದ್ದರೆ ಡಗ್ಗಾದ ಗುಂಯ್ ಎಂಬ ನಾದ ಉಬ್ಬಿ ಹಾಡುಗಾರನನ್ನು ಮುಳುಗಿಸುತ್ತದೆ. ಅನಂತರ ಕೇಳುವ ಜಾಗದಲ್ಲಿ ಒಬ್ಬರು ಕುಳಿತು, ಮತ್ತೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿಯನ್ನು ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಸ್ಪೀಕರು ಕಂಡ ಸ್ಥಳವೇ ದನಿ ಮೊದಲು ಬಡಿದು ಬರುವ ಸ್ಥಳ. ಮೆತ್ತೆ ಅಲ್ಲಿ ಬೇಕು.

ಮೆತ್ತೆಗಾಗಿ ದೂರ ಹೋಗಬೇಕಾಗಿಲ್ಲ. ೧೯೦೪ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದಂದಿನಿಂದ ಇಚಲಕರಂಜಿ ನೂಲಿನ ಊರು. ಅಲ್ಲಿ ಹತ್ತಿಯ ಉಳಿಕೆ ಅಗ್ಗ. ಬಡಿಗನಿಂದ ನಾಲ್ಕು ಅಂಗುಲ ಆಳದ ಚೌಕಟ್ಟು ಮಾಡಿಸಿ, ಹತ್ತಿಯನ್ನು ಗಿಡಿಯದೆ ಸಡಿಲಾಗಿ ತುಂಬಿ, ಉಸಿರಾಡುವ ಬಟ್ಟೆಯನ್ನು ಹೊದಿಸಿ, ಗೋಡೆಯಿಂದ ಎರಡು ಅಂಗುಲ ಬಿಟ್ಟು ತೂಗಹಾಕಬೇಕು. ನೆಲಕ್ಕೆ ಜಮಖಾನೆ. ಅಜ್ಜಿಯ ಕೈಯ ಕೌದಿಗಳನ್ನು ನೆರಿಗೆ ಹಾಕಿ ಹಿಂದಿನ ಗೋಡೆಗೆ ಇಳಿಬಿಟ್ಟರೆ ಅಂದವೂ ಹೌದು.

ಎಚ್ಚರಿಕೆಯ ಮಾತುಗಳೂ ಇವೆ. ತೆಳುವಾದ ಪರದೆ ಮೇಲಿನ ಸ್ವರಗಳನ್ನಷ್ಟೇ ಹೀರುತ್ತದೆ. ಗುಂಯ್‌ಗುಡುವಿಕೆ ಹಾಗೆಯೇ ಉಳಿಯುತ್ತದೆ. ಮೊಟ್ಟೆಯ ತಟ್ಟೆ ಅಂಟಿಸುವುದು ವ್ಯರ್ಥ. ನೆರೆಮನೆಯ ಮಗ್ಗದ ಖಟಪಟವನ್ನು ಈ ಮೆತ್ತೆಗಳು ತಡೆಯಲಾರವು. ಅದಕ್ಕೆ ಭಾರವಾದ ಗೋಡೆ, ಸಂದಿಲ್ಲದ ಕಿಟಕಿಗಳೇ ಬೇಕು. ಮಳೆಗಾಲದಲ್ಲಿ ಹತ್ತಿ ತೇವ ಹಿಡಿಯುವುದರಿಂದ ಆಗಾಗ ಬಿಸಿಲಿಗೆ ಹಾಕತಕ್ಕದ್ದು. ಎಲ್ಲಕ್ಕಿಂತ ಮಿಗಿಲಾಗಿ, ಹತ್ತಿ ಬೆಂಕಿಗೆ ಬಲುಬೇಗ ಈಡಾಗುತ್ತದೆ. ಶಾಹೂ ಮಹಾರಾಜರು ೧೯೧೫ರಲ್ಲಿ ಕೊಲ್ಹಾಪುರದಲ್ಲಿ ಕಟ್ಟಿಸಿದ, ಮುಂದೆ ಕೇಶವರಾವ್ ಭೋಸಲೆಯವರ ಹೆಸರು ಪಡೆದ ನಾಟ್ಯಗೃಹ ೨೦೨೪ರ ಆಗಸ್ಟ್ ೮ರ ರಾತ್ರಿ ಉರಿದುದನ್ನು ನಾವು ಮರೆತಿಲ್ಲ. ದೀಪ, ಸ್ವಿಚ್ಚು, ದೇವರ ಕೋಣೆಯ ಸಮೀಪ ಹತ್ತಿ ಬೇಡ. ಅಲ್ಲಿ ಉರಿಯದ ರಾಕ್‌ವೂಲನ್ನು ಬಟ್ಟೆಯಲ್ಲಿ ಚೆನ್ನಾಗಿ ಸುತ್ತಿ ಬಳಸಬಹುದು.

ಅಲ್ಲಾದಿಯಾ ಖಾನರು ಕೊಲ್ಹಾಪುರದ ದರಬಾರಿನ ಗಾಯಕರಾಗಿದ್ದವರು. ಅವರ ಮಕ್ಕಳಾದ ಮಂಜಿ ಖಾನ್, ಭೂರ್ಜಿ ಖಾನರಲ್ಲಿ ಕಲಿತ ಧಾರವಾಡದ ಮನ್ಸೂರರು ಆ ವಿದ್ಯೆಯಲ್ಲಿ ಕನ್ನಡದ ವಚನಗಳನ್ನು ಹಾಡಿದರು. ಗಡಿಯ ಆಚೆಯ ಮಾತು, ಈಚೆಯ ರಾಗ ಎರಡೂ ಕೂಡಿದ ಆ ಹಾಡಿನಲ್ಲಿ ನಮ್ಮ ಪಾಲಿಗೆ ಮಾತೇ ಕೇಳಿಸದಿದ್ದರೆ ಅದಕ್ಕಿಂತ ನಷ್ಟವುಂಟೆ?

ಪಂಚಮಿಯ ಹೊತ್ತಿಗೆ ಮತ್ತೊಮ್ಮೆ ಗಡಹಿಂಗ್ಲಜಕ್ಕೆ ಹೋಗಿದ್ದೆವು. ಹೊಸ ಸ್ಪೀಕರು ಬಂದಿರಲಿಲ್ಲ. ಗೋಡೆಯ ಮೇಲೆ ನಾಲ್ಕು ಚೌಕಟ್ಟುಗಳು, ಎರಡು ಕೌದಿಗಳಿದ್ದವು. ದನಿ ಮೊದಲಿಗಿಂತ ಸಣ್ಣದಾಗಿಯೇ ಇಟ್ಟಿದ್ದರು. ಹಾಡಿನ ನಡುವೆ ಕಿರಿಯ ಮೊಮ್ಮಗಳು ಕೈ ಎತ್ತಿ ನಿಲ್ಲಿಸಿ, “ಅಜ್ಜೀ, ಹಂಗಂದ್ರ ಏನ?” ಎಂದು ಕೇಳಿದಳು. ಅಜ್ಜಿ ಉತ್ತರ ಹೇಳತೊಡಗಿದರು. ಚಹ ಆರುವವರೆಗೂ ನಾವು ಕೇಳುತ್ತ ಕುಳಿತೆವು.