ಕುಗ್ಗಿದರೂ ಸುಳ್ಳು ಹೇಳದ ಪಟ್ಟಿ

ನನ್ನ ವಿದ್ಯಾರ್ಥಿಯೊಬ್ಬನ ತಂದೆ ಒಂದು ಸಂಜೆ ಮನೆಯ ನಕ್ಷೆ ಹಿಡಿದು ಬಂದರು. ಮುಖ ಕೆಂಪಾಗಿತ್ತು. “ಮೇಷ್ಟ್ರೇ, ಅಡುಗೆಮನೆ ಹತ್ತು ಅಡಿ ಅಂತ ಮಾತಾಗಿತ್ತು. ನಕ್ಷೇಲಿ ಏಳೇ ಅಡಿ ಇದೆ. ನಾಳೆ ಇಂಜಿನಿಯರ್ ಹತ್ರ ಹೋಗಿ ಕೊಟ್ಟ ಮುಂಗಡ ವಾಪಸ್ ಕೇಳ್ತೀನಿ” ಎಂದರು. ಅಳೆದವನು ಅವರ ಮಗನೇ.

ನಾನೂ ಸ್ಕೇಲಿಟ್ಟು ನೋಡಿದೆ. ಮೂಲೆಯಲ್ಲಿ ‘ಪ್ರಮಾಣ 1:100’ ಎಂದಿತ್ತು. ಎಂದರೆ ಕಾಗದದ 1 ಸೆಂಟಿಮೀಟರು ನೆಲದ ಮೇಲೆ 1 ಮೀಟರು. ಅಡುಗೆಮನೆ 2.1 ಸೆಂ.ಮೀ. ಇತ್ತು; ಅಂದರೆ 2.1 ಮೀಟರು, ಸುಮಾರು 7 ಅಡಿ. ಹುಡುಗನ ಲೆಕ್ಕ ಸರಿಯಾಗಿಯೇ ಇತ್ತು. ಕೋಣೆಗಳ ಅಳತೆ ಬರೆದಿದ್ದ ಅಂಕಿಗಳು ಮಾತ್ರ ಮಸುಕಾಗಿ ಓದಲು ಬರುತ್ತಿರಲಿಲ್ಲ. “ಇದು ಜೆರಾಕ್ಸೇ?” ಎಂದೆ. ಹೌದು, ಎ3 ಹಾಳೆಯ ನಕ್ಷೆಯನ್ನು ಎ4ಕ್ಕೆ ಇಳಿಸಿದ್ದರು.

ಗುಟ್ಟು ಇಲ್ಲೇ ಇದೆ. ಎ4 ಹಾಳೆಯ ವಿಸ್ತೀರ್ಣ ಎ3ರ ಅರ್ಧ. ಆಗ ಉದ್ದ ಅರ್ಧವಾಗುವುದಿಲ್ಲ. 2ರ ವರ್ಗಮೂಲದಿಂದ ಭಾಗಿಸಿದಷ್ಟು, ಎಂದರೆ ಸುಮಾರು 0.71 ಪಟ್ಟು ಆಗುತ್ತದೆ. 3 ಸೆಂ.ಮೀ. ಗೆರೆ 2.1 ಆಯಿತು. ನಿಜವಾದ ಪ್ರಮಾಣ 1:141ಕ್ಕೆ ಬಂದಿತ್ತು. ಬರಹ ಮಾತ್ರ 1:100 ಎನ್ನುತ್ತಲೇ ಇತ್ತು.

ಭೂಪಟಗಳ ಅಡಿಯಲ್ಲಿ ಕಪ್ಪು ಬಿಳಿ ತುಂಡುಗಳ ಪಟ್ಟಿಯೊಂದನ್ನು ನೀವು ನೋಡಿರುತ್ತೀರಿ. ಅದೇ ಬಾರ್ ಸ್ಕೇಲ್. ನಕ್ಷೆ ಕುಗ್ಗಿದರೆ ಅದೂ ಅಷ್ಟೇ ಕುಗ್ಗುತ್ತದೆ, ಹಿಗ್ಗಿದರೆ ಹಿಗ್ಗುತ್ತದೆ. ಮೊಬೈಲಿನ ಪರದೆಯಲ್ಲಿ ಬೆರಳಿನಿಂದ ದೊಡ್ಡದು ಮಾಡಿದರೂ ಅದು ಹೇಳುವುದು ಸತ್ಯ.

ಈಗ ಮನೆಯ ನಕ್ಷೆಗಳನ್ನು ಕಂಪ್ಯೂಟರಿನಲ್ಲೇ ಬರೆಯುತ್ತಾರೆ. ಆಟೋಕ್ಯಾಡ್‌ನಲ್ಲಿ ಮನೆಯನ್ನು ನಿಜ ಅಳತೆಯಲ್ಲೇ ಬರೆದು, ಹಾಳೆಗೆ ಹೊಂದಿಸುವಾಗ ಪ್ರಮಾಣ ನಿಗದಿ ಮಾಡುವುದು ವಾಡಿಕೆ. ಪ್ರತಿ ಪ್ರಮಾಣಕ್ಕೂ ಹೊಸ ಪಟ್ಟಿ ಬರೆಯಬೇಕಿಲ್ಲ. ಆಟೋಕ್ಯಾಡ್ 2006ರಲ್ಲಿ ಬಂದ ‘ಡೈನಾಮಿಕ್ ಬ್ಲಾಕ್’ ಸೌಲಭ್ಯದಿಂದ ಒಂದೇ ಪಟ್ಟಿಯನ್ನು ಬೇಕಾದಂತೆ ಬದಲಿಸಬಹುದು.

ಡಿಪ್ಲೊಮಾ ವಿದ್ಯಾರ್ಥಿಗಳು ಹೀಗೆ ಮಾಡಿ ನೋಡಿ. ತಲಾ 10 ಮಿಲಿಮೀಟರಿನ ಐದು ಮನೆಗಳನ್ನು ಸಾಲಾಗಿ ಬರೆದು, ಒಂದು ಬಿಟ್ಟು ಒಂದಕ್ಕೆ ಕಪ್ಪು ತುಂಬಿ. 1:100ಕ್ಕೆ ಪಟ್ಟಿಯ ಒಟ್ಟು ಉದ್ದ 5 ಮೀಟರು, 1:50ಕ್ಕೆ ಎರಡೂವರೆ ಮೀಟರು, 1:200ಕ್ಕೆ 10 ಮೀಟರು. ಈ ಮೂರಕ್ಕೂ ಬೇರೆ ಬೇರೆ ಅಂಕಿಗಳ ಸಾಲು ಬರೆಯಿರಿ. ಬ್ಲಾಕ್ ಎಡಿಟರಿನಲ್ಲಿ ‘ವಿಸಿಬಿಲಿಟಿ’ ಎಂಬುದನ್ನು ಸೇರಿಸಿ, ಒಂದೊಂದು ಪ್ರಮಾಣಕ್ಕೆ ಒಂದೊಂದು ಸಾಲು ಮಾತ್ರ ಕಾಣುವಂತೆ ಮಾಡಿ. ಮುಂದೆ ಪಟ್ಟಿಯ ಮೇಲೆ ಒತ್ತಿ ಪ್ರಮಾಣ ಆರಿಸಿದರೆ ಸಾಕು, ಅಂಕಿಗಳು ಬದಲಾಗುತ್ತವೆ.

ಆದರೆ ಆರಿಸುವವರು ನೀವೇ. ನಕ್ಷೆಯ ಪ್ರಮಾಣ ಬದಲಿಸಿ ಪಟ್ಟಿಯನ್ನು ಮರೆತರೆ ಪಟ್ಟಿಯೇ ಸುಳ್ಳಾಗುತ್ತದೆ. ಆದ್ದರಿಂದ ಅಳತೆ ಗೊತ್ತಿರುವ ಒಂದು ಗೋಡೆಯನ್ನು ಪಟ್ಟಿಯೊಡನೆ ಹೋಲಿಸಿ ನೋಡಿದ ಮೇಲೆಯೇ ಪ್ರಿಂಟ್ ತೆಗೆಯಿರಿ.

ತಂದೆತಾಯಿಯರಿಗೂ ಒಂದು ಮಾತು. ಕಟ್ಟುವಾಗ ನಂಬಬೇಕಾದದ್ದು ನಕ್ಷೆಯಲ್ಲಿ ಬರೆದ ಅಳತೆಯನ್ನು, ಸ್ಕೇಲಿಟ್ಟು ಅಳೆದದ್ದನ್ನಲ್ಲ. ಬರೆದದ್ದು ಕಾಣದಿದ್ದರೆ ಮೂಲ ಪ್ರತಿ ಕೇಳಿ.

ಮರುದಿನ ಅವರು ಮೂಲ ಹಾಳೆಯನ್ನೇ ತಂದರು. ಮಗ ಮತ್ತೆ ಅಳೆದ: ಸರಿಯಾಗಿ 3 ಸೆಂಟಿಮೀಟರು. ಅಡುಗೆಮನೆ ಹತ್ತು ಅಡಿಗೆ ಮರಳಿತು. ಮುಂಗಡ ಇಂಜಿನಿಯರ ಬಳಿಯೇ ಉಳಿಯಿತು. ಹುಡುಗ ಮಾತ್ರ ಆ ಜೆರಾಕ್ಸ್ ಪ್ರತಿಯನ್ನು ಎಸೆಯಲಿಲ್ಲ. ‘1:100’ ಎಂಬುದನ್ನು ಹೊಡೆದುಹಾಕಿ, ಕೆಳಗೆ ಒಂದು ಪಟ್ಟಿ ಬರೆದು ಇಟ್ಟುಕೊಂಡಿದ್ದಾನೆ.