ಒಂದೇ ಬಣ್ಣದ ಹಟ

ಮನೆಯಲ್ಲಿರುವ ಮರದ ಸಾಮಾನುಗಳೆಲ್ಲವೂ ಒಂದೇ ಬಣ್ಣದವಾಗಿರಬೇಕೆಂಬ ಕಟ್ಟಳೆಯನ್ನು ಯಾರು ವಿಧಿಸಿದರೋ ಕಾಣೆ. ಆದರೆ ಹೊಸದಾಗಿ ಮನೆ ಕಟ್ಟಿಸುವವರು ಅದನ್ನು ಪಾಲಿಸುವಷ್ಟು ನಿಷ್ಠೆಯಿಂದ ಬೇರಾವ ಕಟ್ಟಳೆಯನ್ನೂ ಪಾಲಿಸುವಂತೆ ತೋರುವುದಿಲ್ಲ. ಬಾಗಿಲು, ಮೇಜು, ಮಂಚ, ಪುಸ್ತಕದ ಬೀರು ಎಲ್ಲಕ್ಕೂ ಒಂದೇ ಲೇಪ, ಒಂದೇ ಹೊಳಪು. ಇವುಗಳ ನಡುವೆ ಅಜ್ಜನ ಕಾಲದ ಬೀಟೆಯ ಪೆಟ್ಟಿಗೆಯೋ ಹಲಸಿನ ಮಣೆಯೋ ಉಳಿದಿದ್ದರೆ ಅದು ಅಟ್ಟವನ್ನೇರುತ್ತದೆ, ಇಲ್ಲವೆ ಹಳೆಯ ಸಾಮಾನು ಕೊಳ್ಳುವವನ ಗಾಡಿಯನ್ನೇರುತ್ತದೆ. “ಇದು ಉಳಿದವಕ್ಕೆ ಹೊಂದುವುದಿಲ್ಲ” ಎಂಬ ಒಂದು ಮಾತಿಗೆ ಎರಡು ತಲೆಮಾರು ಬಾಳಿದ ವಸ್ತು ಮನೆ ಬಿಡುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಆ ಮಾತು ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸಿ ನೋಡಬೇಕಾಗಿದೆ.

ಮೊದಲನೆಯದಾಗಿ, ಒಂದೇ ಬಣ್ಣವೆಂಬುದು ಮರದ ಸ್ವಭಾವಕ್ಕೇ ಒಗ್ಗದ ಮಾತು. ಒಂದು ಬೀಟೆಯ ಮರವನ್ನು ಕೊಯ್ದು ನೋಡಿ: ನಡುವಿನ ಚೇಗು ನೇರಳೆ ಬೆರೆತ ಕಂದು, ಅದರ ಸುತ್ತಲಿನ ಎಳೆಯ ಭಾಗ ಮಾಸಿದ ಬಿಳುಪು. ಒಂದೇ ಮರದ ಒಡಲಲ್ಲಿ ಎರಡು ಬಣ್ಣ! ಇನ್ನು ಕಾಲದ ಕೈವಾಡ ಬೇರೆ. ಹಲಸಿನ ಹಲಗೆ ಹೊಸದರಲ್ಲಿ ಅರಿಸಿನದಂತೆ ಹಳದಿಯಾಗಿದ್ದು, ವರ್ಷಗಳು ಕಳೆದಂತೆ ಗಾಢವಾದ ಕಂದಿಗೆ ತಿರುಗುತ್ತದೆ. ತೇಗವೂ ಗಾಳಿ ಬೆಳಕುಗಳಿಗೆ ಮೈಯೊಡ್ಡಿ ಮಾಗುತ್ತದೆ. ಒಂದೊಂದು ಮರದ ನಡಿಗೆ ಒಂದೊಂದು ಬಗೆ. ಇಂದು ಸರಿಹೊಂದಿಸಿಟ್ಟ ಎರಡು ಮರಗಳು ಹತ್ತು ವರ್ಷಗಳ ಮೇಲೆ ಬೇರೆ ಬೇರೆಯಾಗಿಯೇ ನಿಂತಿರುತ್ತವೆ. ಅವನ್ನು ಒಂದೇ ಬಣ್ಣದಲ್ಲಿ ಹಿಡಿದಿಡಬೇಕಾದರೆ ಮರ ಕಾಣದಂತೆ ಬಣ್ಣ ಬಳಿಯಬೇಕು. ಹಾಗೆ ಮುಚ್ಚುವುದಾದರೆ ಮರವೇ ಏಕೆ ಬೇಕು?

ನಮ್ಮ ಹಿರಿಯರಿಗೆ ಈ ಹಟವಿರಲಿಲ್ಲ. ಮಲೆನಾಡಿನ ಹಳೆಯ ಮನೆಗಳಲ್ಲಿ ಹಲಸಿನ ಕಂಬ, ಮತ್ತಿಯ ಇಲ್ಲವೆ ನಂದಿಯ ತೊಲೆ, ತೇಗದ ಬಾಗಿಲು, ಅಡಕೆಯ ದಬ್ಬೆ ಎಲ್ಲವೂ ಒಂದೇ ಸೂರಿನ ಕೆಳಗೆ ಸೇರಿರುತ್ತಿದ್ದುವು. ಯಾವ ಮರ ಯಾವ ಭಾರವನ್ನು ಹೊರಬಲ್ಲದು, ಯಾವುದಕ್ಕೆ ಗೆದ್ದಲು ಹತ್ತದು ಎಂಬುದು ಅಲ್ಲಿ ಮುಖ್ಯ. ಬಣ್ಣ ತಾನಾಗಿ ಬಂದದ್ದು. ಸುಣ್ಣದ ಬಿಳಿ ಗೋಡೆಗಳು ಆ ಬಣ್ಣಗಳ ನಡುವೆ ಬಿಡುವು ಕೊಟ್ಟು ಎಲ್ಲವನ್ನೂ ಒಪ್ಪವಾಗಿಸುತ್ತಿದ್ದುವು.

ಈ ಭೇದವನ್ನೇ ಬೇಕೆಂದು ಬಳಸಿಕೊಂಡ ಕಲೆಯೊಂದು ನಮ್ಮಲ್ಲಿದೆ. ಮೈಸೂರಿನ ಬೀಟೆಯ ಇನ್‌ಲೇ ಕೆಲಸವನ್ನು ಕಾಣದವರು ವಿರಳ. ಕುಶಲಕರ್ಮಿ ಚಿತ್ರದ ಭಾಗಗಳನ್ನು ಬೇರೆ ಬೇರೆ ಮರಗಳ ತೆಳ್ಳನೆಯ ತುಂಡುಗಳಲ್ಲಿ ಕೊಯ್ದುಕೊಂಡು, ಅವುಗಳ ಆಕಾರಕ್ಕೆ ಸರಿಯಾಗಿ ಬೀಟೆಯ ಹಲಗೆಯನ್ನು ತೋಡಿ ಕೂರಿಸುತ್ತಾನೆ. ಅರಮನೆಯ ಅಂಬಾವಿಲಾಸದಲ್ಲಿ ಬೀಟೆಯ ಬಾಗಿಲಿಗೆ ದಂತವನ್ನು ಕೂರಿಸಿದ್ದಾರೆ. ವನ್ಯಜೀವಿ ಸಂರಕ್ಷಣಾ ಶಾಸನಕ್ಕೆ 1986ರಲ್ಲಿ ತಂದ ತಿದ್ದುಪಡಿಯಿಂದ ನಮ್ಮ ಆನೆಗಳ ದಂತದ ವ್ಯಾಪಾರ ನಿಷಿದ್ಧವಾಯಿತು. ಆದರೂ ಕಲೆ ನಿಲ್ಲಲಿಲ್ಲ. ಮರಕ್ಕೆ ಮರವೇ ಆಭರಣವಾಗಿ ಉಳಿಯಿತು. ಹಲಸಿನ ಹಳದಿಯನ್ನು ಬೀಟೆಯ ಕಪ್ಪಿಗೆ ಹೊಂದಿಸಲು ಬಣ್ಣ ಬಳಿದರೆ ಆ ಚಿತ್ರವೇ ಅಳಿಸಿಹೋಗುತ್ತದೆ.

ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ತಕ್ಕುದೇ ಎಂದು ಹನ್ನೆರಡನೆಯ ಶತಮಾನದಲ್ಲಿ ನಯಸೇನ ಕೇಳಿದ್ದುಂಟು. ಅವನು ಕೇಳಿದ್ದು ಭಾಷೆಯ ವಿಷಯದಲ್ಲಿ. ಸಾಹಿತ್ಯ ಬಲ್ಲ ವಾಚಕರು ಅದನ್ನೇ ನನ್ನ ಮುಂದೊಡ್ಡಬಹುದು. ಆದರೆ ತುಪ್ಪ ಎಣ್ಣೆಗಳು ಬೆರೆತರೆ ಎರಡೂ ಕೆಡುತ್ತವೆ. ಮರದ ಪಕ್ಕದಲ್ಲಿ ಮರವಿಟ್ಟರೆ ಯಾವುದೂ ಕರಗುವುದಿಲ್ಲ. ಒಂದರಿಂದ ಇನ್ನೊಂದರ ಗುಣ ಎದ್ದು ಕಾಣುತ್ತದೆ.

ಹಾಗೆಂದು ಕಂಡದ್ದನ್ನೆಲ್ಲ ತಂದು ತುಂಬಿದರೆ ಅದು ಮನೆಯಾಗದು, ಸಂತೆಯಾದೀತು. ಕೂಡಿಸುವುದಕ್ಕೂ ಒಂದು ಹದವುಂಟು. ಕೋಣೆಗೆ ಒಂದು ಮರ ಯಜಮಾನನಾಗಿರಬೇಕು, ಉಳಿದವು ಅತಿಥಿಗಳಂತಿರಬೇಕು. ತೇಗ, ಹೊನ್ನೆ, ಹಲಸುಗಳು ಹಳದಿಯ ಕಡೆಗೆ ಒಲಿದವು, ಅವುಗಳಲ್ಲಿ ನೆಂಟಸ್ತನವಿದೆ. ಬೀಟೆಯನ್ನು ಇವುಗಳ ನಡುವೆ ಇಡುವುದಾದರೆ ಒಂಟಿಯಾಗಿ ಮೂಲೆಗೆ ತಳ್ಳದೆ, ಎದುರಿಗೆ ಅದೇ ಬಣ್ಣದ ಚೌಕಟ್ಟನ್ನೋ ಕಾಲುಮಣೆಯನ್ನೋ ಇರಿಸಿದರೆ ಕಣ್ಣು ಸಮಾಧಾನಗೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಭೇದವಿದ್ದರೆ ಸ್ಪಷ್ಟವಾಗಿರಬೇಕು. ಕಪ್ಪಿಗೂ ಹಳದಿಗೂ ಜಗಳವಿಲ್ಲ. ಹೆಚ್ಚು ಕಡಿಮೆ ಒಂದೇ ಆಗಿ, ಕೂದಲೆಳೆಯಷ್ಟು ತಪ್ಪಿದ ಎರಡು ಬಣ್ಣಗಳೇ ನೋಟವನ್ನು ಕೆಡಿಸುವುದು. ಸಂಗೀತದಲ್ಲಿಯೂ ಹಾಗೆಯೇ ಅಲ್ಲವೆ? ಷಡ್ಜ ಪಂಚಮಗಳು ಒಟ್ಟಿಗೆ ನುಡಿದರೆ ಹಿತ. ಷಡ್ಜದ ಮಗ್ಗುಲಲ್ಲಿ ತುಸು ಇಳಿದ ಷಡ್ಜ ನುಡಿದರೆ ಅದೇ ಅಪಶ್ರುತಿ.

ಇದು ಕೇವಲ ಅಲಂಕಾರದ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಬೀಟೆ ಬಹು ನಿಧಾನವಾಗಿ ಬೆಳೆಯುವ ಮರ. ಕಾಡಿನಲ್ಲಿ ಅದು ಕ್ಷೀಣಿಸಿದೆ. 2017ರಿಂದ ಅದರ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಿವೆ. ಹೀಗಿರುವಾಗ ಬಣ್ಣ ಹೊಂದಲಿಲ್ಲವೆಂದು ಬೀಟೆಯ ಪೆಟ್ಟಿಗೆಯನ್ನು ಹೊರಹಾಕಿ, ಆ ಜಾಗಕ್ಕೆ ಮರದ ಚಿತ್ರವನ್ನು ಅಂಟಿಸಿದ ಹಲಗೆಯನ್ನು ತರುವುದು ಯಾವ ಬಗೆಯ ರಸಿಕತೆ? ಕಳೆದುಕೊಂಡದ್ದನ್ನು ನಾಳೆ ಹಣ ಕೊಟ್ಟರೂ ತರಲಾಗದು. ಆ ಪೆಟ್ಟಿಗೆಯ ಧೂಳೊರಸಿ, ಹೊಸ ಮೇಜಿನ ಪಕ್ಕದಲ್ಲಿಯೇ ಇಟ್ಟುಕೊಂಡು ಒಂದು ತಿಂಗಳು ನೋಡಿರಿ. ಹೊಂದಿಕೊಳ್ಳಬೇಕಾದದ್ದು ಪೆಟ್ಟಿಗೆಯಲ್ಲ, ನಮ್ಮ ಕಣ್ಣು ಎಂಬುದು ಅಷ್ಟರಲ್ಲಿ ತಿಳಿದೀತು.